ಬಾಲ್‌ಮೈನ್‌ಗೆ ಬರುವವರಿಗೆ: ಬ್ಯಾಟ್ ಆಮೇಲೆ, ಈಜು ಮೊದಲು

ಸಿಡ್ನಿಯ ಬಾಲ್‌ಮೈನ್‌ನಲ್ಲಿ ಹಳೇ ಕಾಲದ ಸಾಲುಮನೆ ಬಾಡಿಗೆಗೆ ಸಿಗುತ್ತಿದೆ, ಏರಿಯಾ ಹೇಗೆ, ಏಳು ವರ್ಷದ ಮಗನನ್ನು ಕ್ರಿಕೆಟ್ ಕೋಚಿಂಗ್‌ಗೆ ಎಲ್ಲಿ ಸೇರಿಸಬೇಕು, ನಮ್ಮ ಕಡೆಯ ಸಾಮಾನು ಸಿಗುತ್ತಾ ಎಂದು ಕೇಳಿದ್ದೀರಿ. ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ತಲೆಯಲ್ಲೂ ಇದ್ದದ್ದು ಇವೇ ಮೂರು. ಸುತ್ತ ಮೂರು ಕಡೆ ನೀರಿದೆ ಅನ್ನುವುದು ಮಾತ್ರ ಬಾಡಿಗೆ ಜಾಹೀರಾತಿನ ಫೋಟೋದಷ್ಟೇ ಆಗಿತ್ತು.

ಸಾಮಾನಿನ ಚಿಂತೆ ಬಿಡಿ. ರಾಗಿ ಹಿಟ್ಟು, ಬ್ಯಾಡಗಿ ಮೆಣಸಿನಕಾಯಿ ಎಲ್ಲಾ ಸಿಡ್ನಿಯ ಪಶ್ಚಿಮದ ಬಡಾವಣೆಗಳಾದ ಹ್ಯಾರಿಸ್ ಪಾರ್ಕ್, ವೆಂಟ್‌ವರ್ತ್‌ವಿಲ್ ಕಡೆ ಸಿಗುತ್ತದೆ. ಬಾಲ್‌ಮೈನ್‌ಗೆ ರೈಲಿಲ್ಲ, ಬಸ್ಸಲ್ಲಿ ಪೇಟೆಗೆ ಹೋಗಿ ರೈಲು ಹಿಡಿಯಬೇಕು. ಬರುವಾಗ ಕರಿಬೇವಿನ ಸೊಪ್ಪು, ಬಿತ್ತನೆ ಬೀಜ, ಧಾರವಾಡ ಪೇಡ ತರಬೇಡಿ. ಉಳಿದ ತಿಂಡಿ ಏನಿದ್ದರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ‘ಇದೆ’ ಎಂದು ಬರೆಯಿರಿ. ಹೇಳಿ ತಂದರೆ ಹೆಚ್ಚೆಂದರೆ ಎಸೆಯುತ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಮನೆ ನೋಡುವಾಗ ವಾಸ್ತು ಒಂದು ಕಡೆ ಇಡಿ, ಬಿಸಿಲು ನೋಡಿ. ಭೂಮಿಯ ಈ ಅರ್ಧದಲ್ಲಿ ಸೂರ್ಯ ಉತ್ತರದ ಕಡೆ ವಾಲುತ್ತಾನೆ. ದಕ್ಷಿಣಕ್ಕೆ ಕಿಟಕಿಯಿರುವ ಕೋಣೆಗೆ ಚಳಿಗಾಲದಲ್ಲಿ ಬಿಸಿಲೇ ಬೀಳುವುದಿಲ್ಲ. ಹತ್ತೊಂಬತ್ತನೇ ಶತಮಾನದ ಇಟ್ಟಿಗೆ, ಮರಳುಗಲ್ಲಿನ ಗೋಡೆ ನೆಲದ ತೇವ ಎಳೆದುಕೊಳ್ಳುತ್ತದೆ. ಬುಡದಲ್ಲಿ ಬಣ್ಣ ಉಬ್ಬಿದ್ದರೆ, ಬೀರುವಿನ ಹಿಂದೆ ಬೂಷ್ಟಿನ ವಾಸನೆ ಬಂದರೆ ಬೇರೆ ಮನೆ ನೋಡಿ. ಬಾಡಿಗೆ ಲೆಕ್ಕ ವಾರಕ್ಕೆ. ಅಡ್ವಾನ್ಸ್ ನಮ್ಮ ಬೆಂಗಳೂರಿನ ಹಾಗೆ ಹತ್ತು ತಿಂಗಳದ್ದಲ್ಲ, ಹೆಚ್ಚೆಂದರೆ ನಾಲ್ಕು ವಾರದ್ದು. ಅದೂ ಓನರ್ ಕೈಯಲ್ಲಿ ಉಳಿಯುವುದಿಲ್ಲ, ಸರ್ಕಾರದ ಬಳಿ ಇರುತ್ತದೆ. ಕೀ ಸಿಕ್ಕ ಏಳು ದಿನದೊಳಗೆ ಮನೆಯ ಸ್ಥಿತಿಯ ವರದಿ ತುಂಬಿ ವಾಪಸ್ ಕೊಡಬೇಕು. ಒಂದೊಂದು ಬಿರುಕು, ಒಂದೊಂದು ಕಲೆಯ ಫೋಟೋ ತೆಗೆದಿಡಿ. ಮನೆ ಬಿಡುವಾಗ ನಿಮ್ಮ ಪರವಾಗಿ ಮಾತಾಡುವುದು ಅದೊಂದೇ.

ಈಗ ಊರಿನ ಗುಣ. 1800ರಲ್ಲಿ ವಿಲಿಯಂ ಬಾಲ್‌ಮೈನ್ ಎಂಬ ಸರ್ಕಾರಿ ವೈದ್ಯನಿಗೆ 550 ಎಕರೆ ಇಲ್ಲಿ ಮಂಜೂರಾಯಿತು. ಅದು ಮೂಲನಿವಾಸಿಗಳ ನೆಲ, ಕೇಳಿದವರು ಯಾರೂ ಇಲ್ಲ. 1855ರಲ್ಲಿ ಮಾರ್ಟ್ಸ್ ಡಾಕ್ ಬಂತು, ಹಡಗು ರಿಪೇರಿ ಶುರುವಾಯಿತು. ಆಮೇಲೆ ಕಲ್ಲಿದ್ದಲು ಗಣಿ, ಸೋಪಿನ ಕಾರ್ಖಾನೆ. ಇಂದು ಕೋಟಿ ಕೋಟಿ ಬೆಲೆ ಬಾಳುವ ಆ ಪುಟ್ಟ ಮನೆಗಳಲ್ಲಿ ಆಗ ಬಾಯ್ಲರ್ ಕೆಲಸದವರು, ಬಡಗಿಗಳು ಇದ್ದರು. 1891ರ ಚುನಾವಣೆಯಲ್ಲಿ ಬಾಲ್‌ಮೈನ್‌ನ ನಾಲ್ಕಕ್ಕೆ ನಾಲ್ಕೂ ಸೀಟು ಲೇಬರ್ ಪಕ್ಷದ ಪಾಲಾಯಿತು. ಡಾಕ್ ಮುಚ್ಚಿ ದಶಕಗಳಾದವು, ಅಲ್ಲೀಗ ಮಾರ್ಟ್ ಬೇ ಪಾರ್ಕ್. ದುಡಿಯುವವರ ಊರು ಎಂಬ ಹೆಮ್ಮೆಯನ್ನು ಮಾತ್ರ ವಕೀಲರೂ ಬ್ಯಾಂಕಿನವರೂ ಈಗಲೂ ಧರಿಸಿಕೊಂಡು ಓಡಾಡುತ್ತಾರೆ. ಸ್ವಲ್ಪ ತಮಾಷೆಯೇ ಅನ್ನಿ.

ಆ ಹೆಮ್ಮೆ ಇನ್ನೂ ನಿಜವಾಗಿ ಜೀವಂತವಿರುವುದು ಆಟದಲ್ಲಿ. ಪೆಟ್ಟು ತಿಂದು ಕೂಲಿ ಕಳೆದುಕೊಂಡ ಆಟಗಾರನಿಗೆ ಪರಿಹಾರ ಬೇಕು ಎಂಬ ಜಗಳದಿಂದ ಸಿಡ್ನಿಯಲ್ಲಿ ಹಳೆಯ ರಗ್ಬಿಯಿಂದ ರಗ್ಬಿ ಲೀಗ್ ಎಂಬ ಆಟ ಬೇರೆಯಾಯಿತು. 1908ರ ಜನವರಿಯಲ್ಲಿ ಬಾಲ್‌ಮೈನ್ ಟೌನ್ ಹಾಲ್‌ನಲ್ಲಿ ಇಲ್ಲಿನ ಕ್ಲಬ್ ಹುಟ್ಟಿತು, ಅದೇ ಏಪ್ರಿಲ್ 20ರಂದು ಲೀಗಿನ ಮೊದಲ ದಿನದ ಆಟಗಳಲ್ಲಿ ಕೆಲವು ಬರ್ಚ್‌ಗ್ರೋವ್ ಓವಲ್‌ನಲ್ಲಿ ನಡೆದವು. ಆ ಕ್ಲಬ್, ಬಾಲ್‌ಮೈನ್ ಟೈಗರ್ಸ್, ಹನ್ನೊಂದು ಸಲ ಚಾಂಪಿಯನ್. ಕೊನೆಯದು 1969ರಲ್ಲಿ, ಎಲ್ಲರ ನಿರೀಕ್ಷೆ ತಲೆಕೆಳಗಾಗಿಸಿ ಸೌತ್ ಸಿಡ್ನಿ ವಿರುದ್ಧ 11-2. 1989ರ ಫೈನಲ್ ಮಾತ್ರ ಇಲ್ಲಿಯ ಹಿರಿಯರ ಮುಂದೆ ಎತ್ತಬೇಡಿ: ಹೆಚ್ಚುವರಿ ಸಮಯದಲ್ಲಿ ಕ್ಯಾನ್‌ಬೆರಾ ವಿರುದ್ಧ 19-14ರ ಸೋಲು. 2000ದಿಂದ ವೆಸ್ಟರ್ನ್ ಸಬರ್ಬ್ಸ್ ಜೊತೆ ಸೇರಿ ವೆಸ್ಟ್ಸ್ ಟೈಗರ್ಸ್ ಆಯಿತು, 2005ರಲ್ಲಿ ಕಪ್ ಗೆದ್ದಿತು. ತಂಡಕ್ಕೆ ಹದಿಮೂರು ಜನ, ಆರು ಟ್ಯಾಕಲ್ (ಎದುರಾಳಿ ಹಿಡಿದು ಕೆಡವುವುದು), ಅಷ್ಟರಲ್ಲಿ ಚೆಂಡು ಹಿಡಿದು ಗೆರೆ ದಾಟಬೇಕು. ಕಬಡ್ಡಿ ಆಡಿದವರಿಗೆ ಹಿಡಿತದ ಲೆಕ್ಕ ಹತ್ತು ನಿಮಿಷದಲ್ಲಿ ಹೊಳೆಯುತ್ತದೆ.

ಕ್ರಿಕೆಟ್ ಸೀಸನ್ ಅಕ್ಟೋಬರ್‌ನಿಂದ ಮಾರ್ಚ್. ಹೆಸರು ಕೊಡುವುದು ಅದಕ್ಕೂ ಮೊದಲು, ಚಳಿಗಾಲ ಮುಗಿಯುವ ಹೊತ್ತಿಗೆ. ಇಲ್ಲಿನ ಕ್ಲಬ್ ನಮ್ಮೂರ ಕಡೆಯ ಅಕಾಡೆಮಿಯ ಹಾಗಲ್ಲ. ಶುಲ್ಕ ಕಟ್ಟಿ ಕಾರಲ್ಲಿ ಕೂತರೆ ಆಗದು; ಅಂಪೈರಿಂಗ್, ಸ್ಕೋರಿಂಗ್, ಬೌಂಡರಿಗೆ ಕೋನ್ ಇಡುವುದು ಅಪ್ಪ ಅಮ್ಮಂದಿರದ್ದೇ. ಪರಿಚಯ ಬೆಳೆಯುವುದೂ ಅಲ್ಲೇ. ಮನೆಗೆ ಕರೆದು ಊಟ ಹಾಕುವ ನಮ್ಮ ದಾರಿ ಇಲ್ಲಿ ಬಹಳ ನಿಧಾನ.

ಆದರೆ ಮಗನ ಹೆಸರು ಮೊದಲು ಬರೆಸಬೇಕಾದ್ದು ಈಜಿಗೆ. ನಮ್ಮವರು ಇದನ್ನು ಹವ್ಯಾಸದ ಸಾಲಿಗೆ ಸೇರಿಸಿ ಸಂಗೀತ, ಅಬ್ಯಾಕಸ್ ಆದ ಮೇಲೆ ಎಂದು ಮುಂದೂಡುತ್ತಾರೆ. ಇಲ್ಲಿ ಹುಟ್ಟುಹಬ್ಬ, ಶಾಲೆಯ ಪ್ರವಾಸ, ಗೆಳೆಯನ ದೋಣಿ ಎಲ್ಲವೂ ನೀರಿನ ಪಕ್ಕ. ‘ಬರಲ್ಲ’ ಎನ್ನುವ ಹುಡುಗ ದಡದಲ್ಲಿ ಟವೆಲ್ ಕಾಯುತ್ತಾನೆ, ಇಲ್ಲವೇ ನಾಚಿಕೆಗೆ ಇಳಿದೇಬಿಡುತ್ತಾನೆ. ಎರಡನೆಯದೇ ಅಪಾಯ. ಹನ್ನೆರಡು ವರ್ಷಕ್ಕೆ ನಿಲ್ಲದೆ ಐವತ್ತು ಮೀಟರ್ ಈಜು, ಎರಡು ನಿಮಿಷ ತೇಲು ಎಂಬುದು ಈ ದೇಶ ಇಟ್ಟುಕೊಂಡಿರುವ ಅಳತೆ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹತ್ತು ದಿನದ ತರಬೇತಿ ಇದೆ, ಅದೊಂದೇ ಸಾಲದು. ಲೈಕಾರ್ಟ್ ಪಾರ್ಕ್ ಈಜುಕೊಳದಲ್ಲಿ ವಾರಕ್ಕೊಂದು ತರಗತಿಗೆ ಈಗಲೇ ಹೆಸರು ಕೊಡಿ. ಹತ್ತು ಮೀಟರ್ ಕೈಕಾಲು ಬಡಿದ ಕೂಡಲೇ ಕಲಿತ ಎಂದು ಬಿಡಿಸುವವರೇ ಹೆಚ್ಚು. ನಿಂತರೆ ನೆಲ ಸಿಗುವ ಬೆಚ್ಚಗಿನ ಕೊಳದ ಧೈರ್ಯ ತಣ್ಣನೆ ಉಪ್ಪುನೀರಿನಲ್ಲಿ ಉಳಿಯುವುದಿಲ್ಲ.

ಆ ಉಪ್ಪುನೀರಿನ ಪಾಠಕ್ಕೆ ಎಲ್ಕಿಂಗ್ಟನ್ ಪಾರ್ಕಿನ ಕೆಳಗಿರುವ ಡಾನ್ ಫ್ರೇಸರ್ ಬಾತ್ಸ್ ಎಂಬ ಈಜುಕೊಳ ಇದೆ. 1880ರ ದಶಕದ ಮರದ ಕಟ್ಟೆ, ಒಳಗೆ ಬರುವುದು ಹಾರ್ಬರಿನದೇ ನೀರು. 1956, 1960, 1964ರ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಫ್ರೀಸ್ಟೈಲ್ ಮೂರೂ ಸಲ ಗೆದ್ದ ಡಾನ್ ಫ್ರೇಸರ್ ಇದೇ ಊರಿನ ಕಾರ್ಮಿಕ ಕುಟುಂಬದ ಹುಡುಗಿ, ಪಳಗಿದ್ದು ಇಲ್ಲೇ. ಆಮೇಲೆ ಶಾಸಕಿಯೂ ಆದರು. ಏರಿಳಿತಕ್ಕೆ ನೀರು ಒಂದು ಮೀಟರಿಗೂ ಹೆಚ್ಚು ವ್ಯತ್ಯಾಸವಾಗುತ್ತದೆ, ಹಾಗಾಗಿ ಹೊರಡುವ ಮುನ್ನ ಭರತ ಇಳಿತದ ಸಮಯ ನೋಡಿ. ಇಳಿತದಲ್ಲಿ ತಲೆಕೆಳಗಾಗಿ ಹಾರಿದರೆ ಕತ್ತು ಮುರಿಯುತ್ತದೆ. ಚಳಿಗಾಲದಲ್ಲಿ ಬಾಗಿಲು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಜೋರು ಮಳೆ ಬಂದ ಮೇಲೆ ಮೂರು ದಿನ ಹಾರ್ಬರ್ ನೀರಿಗೆ ಇಳಿಯಬೇಡಿ. ಬೀದಿಯ ಚರಂಡಿ ನೀರು, ನಾಯಿ ಹೇಸಿಗೆ ಸಮೇತ, ನೇರ ಅಲ್ಲಿಗೇ ಬೀಳುತ್ತದೆ. ಬೇಸಿಗೆಯಲ್ಲಿ ಬುಲ್ ಶಾರ್ಕ್ ಹಾರ್ಬರಿನ ಒಳಗೂ ಬರುತ್ತದೆ. ಬೇಲಿ ಹಾಕಿದ ಜಾಗ ಬಿಟ್ಟು ಜೆಟ್ಟಿಯಿಂದ ಧುಮುಕುವುದು, ಅದರಲ್ಲೂ ಮುಸ್ಸಂಜೆ ಹೊತ್ತಲ್ಲಿ, ಬೇಡವೇ ಬೇಡ.

ಅಪ್ಪ ಅಮ್ಮ ನೀವಿಬ್ಬರೂ ಈಜು ಕಲಿಯಲು ಸೇರಿಕೊಳ್ಳಿ. ದೊಡ್ಡವರ ತರಗತಿ ಬೇರೆ ಇರುತ್ತದೆ, ಸೀರೆ ಸೊಂಟಕ್ಕೆ ಕಟ್ಟಿ ಹೊಳೆ ದಾಟಿದ ಅಮ್ಮಂದಿರೂ ಅಲ್ಲಿ ಮೈಪೂರ್ತಿ ಮುಚ್ಚುವ ಈಜುಡುಗೆಯಾದ ಬುರ್ಕಿನಿ, ಉದ್ದ ತೋಳಿನ ರ‍್ಯಾಶ್ ವೆಸ್ಟ್ ಹಾಕಿ ಕಲಿಯುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ಹತ್ತಿಬಟ್ಟೆ ಬೇಡ, ನೆಂದರೆ ಭಾರ, ಕೊಳದವರೂ ಬಿಡುವುದಿಲ್ಲ. ಮಕ್ಕಳ ಆಟಕ್ಕೆ ಸರ್ಕಾರ ಕೊಡುವ ಐವತ್ತು ಡಾಲರಿನ ವೋಚರ್ ಈಗ ಕುಟುಂಬ ಭತ್ಯೆ ಪಡೆಯುವವರಿಗೆ ಮಾತ್ರ. ತಾತ್ಕಾಲಿಕ ವೀಸಾದವರು ಅದನ್ನು ಲೆಕ್ಕಕ್ಕೆ ಹಿಡಿಯದೆ ಪೂರ್ತಿ ಫೀಸನ್ನೇ ಬಜೆಟ್ಟಿನಲ್ಲಿ ಬರೆದುಕೊಳ್ಳಿ.