ಹೆಡ್‌ಫೋನಿನಲ್ಲಿದ್ದ ಸಿಂಥ್ ಜಾತ್ರೆಯ ಬಾಕ್ಸ್‌ಗಳಲ್ಲಿ ಏಕೆ ಸೊರಗುತ್ತದೆ?

ಪ್ರಶ್ನೆ: ನಮ್ಮೂರಿನ ಮೊಹರಂ ಹಲಗೆಯ ಏಟುಗಳನ್ನು ನಾನೇ ರೆಕಾರ್ಡ್ ಮಾಡಿಕೊಂಡು, ಅವಕ್ಕೆ ಕಿಕ್ (ತಾಳ ಹಿಡಿಯುವ ದಪ್ಪ ಡ್ರಮ್ ಏಟು) ಮತ್ತು ಸಿಂಥ್ (ಎಲೆಕ್ಟ್ರಾನಿಕ್ ವಾದ್ಯ) ಸೇರಿಸಿ 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ವೇಗದ ಒಂದು ಟ್ರ್ಯಾಕ್ ಮಾಡಿದ್ದೇನೆ. ರಾಗ ನುಡಿಸುವ ಲೀಡ್ ಸಿಂಥ್ ಅಗಲವಾಗಿ ಕೇಳಿಸಲೆಂದು ಅದರ ಎರಡು ಪ್ರತಿ ಮಾಡಿ, ಒಂದನ್ನು ಪೂರ್ತಿ ಎಡಕ್ಕೂ ಇನ್ನೊಂದನ್ನು 10 ಮಿಲಿಸೆಕೆಂಡ್ ತಡವಾಗಿ ಪೂರ್ತಿ ಬಲಕ್ಕೂ ಇಟ್ಟಿದ್ದೇನೆ. ಎಲ್ಲದರ ಮೇಲೂ 4 ಸೆಕೆಂಡಿನ ಹಾಲ್ ರಿವರ್ಬ್ (ದೊಡ್ಡ ಸಭಾಂಗಣದಲ್ಲಿ ಧ್ವನಿ ಮೊಳಗುವಂಥ ಪರಿಣಾಮ) ಇದೆ. ಹೆಡ್‌ಫೋನಿನಲ್ಲಿ ತುಂಬ ಚೆನ್ನಾಗಿತ್ತು. ಜಾತ್ರೆಯ ಡಿಜೆ ಬಾಕ್ಸ್‌ಗಳಲ್ಲಿ ಹಾಕಿಸಿದಾಗ ಲೀಡ್ ಸೊರಗಿತು, ಹಲಗೆ ಮಬ್ಬಾಯಿತು. ಏನು ಸರಿಪಡಿಸಬೇಕು?
— ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ನಿಮಗೆ ಎದುರಾಗಿರುವುದು ಒಂದಲ್ಲ, ಎರಡು ತೊಂದರೆ. ಲೀಡ್ ಸೊರಗಿದ್ದು ಸ್ಟೀರಿಯೊ ವಿಧಾನದಿಂದ, ಹಲಗೆ ಮಬ್ಬಾದದ್ದು ರಿವರ್ಬ್‌ನಿಂದ. ಎರಡನ್ನೂ ಬೇರೆಬೇರೆಯಾಗಿಯೇ ಸರಿಪಡಿಸಬೇಕು.

ಬಯಲಿನಲ್ಲಿ ಕಟ್ಟುವ ಸೌಂಡ್ ಸಿಸ್ಟಂಗಳನ್ನು ಸಾಮಾನ್ಯವಾಗಿ ಮೊನೊದಲ್ಲೇ, ಅಂದರೆ ಎಡಬಲಗಳನ್ನು ಒಂದೇ ಧ್ವನಿಯಾಗಿ ಕೂಡಿಸಿ, ನಡೆಸುತ್ತಾರೆ, ಏಕೆಂದರೆ ಯಾವ ಮೂಲೆಯಲ್ಲಿ ನಿಂತವರಿಗೂ ಇಡೀ ಹಾಡು ಕೇಳಿಸಬೇಕು. ಆಗ ನಿಮ್ಮ ಎಡ ಮತ್ತು ಬಲ ಪ್ರತಿಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಒಂದೇ ಧ್ವನಿಯನ್ನು ಅದರದೇ 10 ಮಿಲಿಸೆಕೆಂಡ್ ತಡವಾದ ಪ್ರತಿಯೊಂದಿಗೆ ಕೂಡಿಸಿದರೆ 50, 150, 250, 350 ಹರ್ಟ್ಸ್ ಹೀಗೆ ಪ್ರತಿ 100 ಹರ್ಟ್ಸ್‌ಗೊಂದು ಕಡೆ ಅವು ಪರಸ್ಪರ ಅಳಿಸಿಹೋಗುತ್ತವೆ. ನಡುವಿನ 100, 200, 300 ಹರ್ಟ್ಸ್‌ಗಳಲ್ಲಿ ಇಮ್ಮಡಿಯಾಗುತ್ತವೆ. ಹೀಗಾಗಿ ರಾಗದ ಒಂದು ಸ್ವರ ಮೇಲೆದ್ದರೆ ಅದರ ಪಕ್ಕದ ಸ್ವರ ಕುಸಿಯುತ್ತದೆ. ಹೆಡ್‌ಫೋನಿನಲ್ಲಿ ಎರಡು ಪ್ರತಿಗಳು ಎರಡು ಕಿವಿಗಳಿಗೆ ಪ್ರತ್ಯೇಕವಾಗಿ ತಲುಪುವುದರಿಂದ ಈ ಕೂಡುವಿಕೆ ನಡೆಯುವುದೇ ಇಲ್ಲ, ಆದ್ದರಿಂದ ಅಲ್ಲಿ ನಿಮಗೆ ಅದರ ಸುಳಿವೂ ಸಿಗಲಾರದು.

ಕೆಲವೇ ಮಿಲಿಸೆಕೆಂಡ್ ಅಂತರದಲ್ಲಿ ಬಂದ ಎರಡು ಧ್ವನಿಗಳನ್ನು ಕಿವಿ ಒಂದೇ ಧ್ವನಿಯೆಂದು ಭಾವಿಸುತ್ತದೆ, ಮತ್ತು ಮೊದಲು ಬಂದ ದಿಕ್ಕನ್ನೇ ಅದರ ಮೂಲವೆಂದು ತಿಳಿಯುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರ ತಮ್ಮ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದರಿಂದ ನೀವು ಬಳಸಿದ ತಂತ್ರಕ್ಕೆ ಅವರ ಹೆಸರೇ ಅಂಟಿಕೊಂಡಿದೆ. ಸಿಸ್ಟಂ ಸ್ಟೀರಿಯೊದಲ್ಲಿ ಇದ್ದಿದ್ದರೂ ಈ ತಂತ್ರ ಮೈದಾನದಲ್ಲಿ ನಿಲ್ಲುತ್ತಿರಲಿಲ್ಲ. 30 ಡಿಗ್ರಿ ಸೆಲ್ಸಿಯಸ್‌ನ ಸಂಜೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 349 ಮೀಟರ್ ಸಾಗುತ್ತದೆ. ಎರಡು ಬಾಕ್ಸ್ ಸಾಲುಗಳ ನಡುವೆ 15 ಮೀಟರ್ ಇದ್ದರೆ, ಎಡ ಸಾಲಿನ ಪಕ್ಕದಲ್ಲೇ ನಿಂತವರಿಗೆ ಬಲದ ಧ್ವನಿ ಸುಮಾರು 43 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ನೀವು ಲೆಕ್ಕ ಹಾಕಿಟ್ಟ 10 ಮಿಲಿಸೆಕೆಂಡಿಗೆ ಅಲ್ಲಿ ಅರ್ಥವೇ ಉಳಿಯುವುದಿಲ್ಲ.

ಆದ್ದರಿಂದ ಲೀಡ್‌ನ ಮೂಲ ಧ್ವನಿಯನ್ನು ಯಾವ ವೈಡನರ್ ಪ್ಲಗಿನ್ನೂ (ಧ್ವನಿಯನ್ನು ಅಗಲ ಮಾಡುವ ತಂತ್ರಾಂಶ) ಇಲ್ಲದೆ ನಡುವೆ ಇರಿಸಿ. ಅಗಲ ಬೇಕೆಂದರೆ ಅದೇ ರಾಗವನ್ನು ಸ್ವಲ್ಪ ಬೇರೆ ಬಣ್ಣದ ಎರಡು ಪ್ಯಾಚ್‌ಗಳಲ್ಲಿ (ಸಿಂಥ್‌ನ ಧ್ವನಿ ಸೆಟ್ಟಿಂಗ್‌ಗಳಲ್ಲಿ) ನುಡಿಸಿ, ಎಡಬಲಗಳಲ್ಲಿ ಕಡಿಮೆ ಮಟ್ಟದಲ್ಲಿ ಸೇರಿಸಿ. ಅವು ಒಂದರ ನಕಲು ಇನ್ನೊಂದಲ್ಲವಾದ್ದರಿಂದ ಮೊನೊದಲ್ಲಿ ಹಾಗೆ ಅಳಿಸಿಹೋಗುವುದಿಲ್ಲ. ಮೊನೊ ಮಾಡಿದಾಗ ಕಳೆದುಹೋದರೂ ಹಾಡು ಹಾಡಾಗಿಯೇ ಉಳಿಯುವಂಥ ಪ್ಯಾಡ್ (ಹಿಂದೆ ನೀಳವಾಗಿ ಹರಡುವ ಸಿಂಥ್ ಧ್ವನಿ), ಹಿನ್ನೆಲೆಯ ಸಣ್ಣ ಸದ್ದುಗಳಂಥವನ್ನು ಮಾತ್ರ ಅಂಚುಗಳಿಗೆ ಕಳಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕಿಕ್, ಬೇಸ್ ಮತ್ತು ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಮೊನೊ ಆಗಿರಲಿ. ಎಲ್ಲ ಧ್ವನಿಗಳೂ ಕೂಡುವ ಮಾಸ್ಟರ್ ಚಾನೆಲ್‌ನಲ್ಲಿ ಒಂದು ಮೊನೊ ಬಟನ್ ಇಟ್ಟುಕೊಂಡು ಕೆಲಸದ ಉದ್ದಕ್ಕೂ ಒತ್ತಿ ನೋಡುತ್ತಿರಿ. ಹಾಡು ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿದರೆ ಸಾಲದು, ಅಷ್ಟರಲ್ಲಿ ಎಲ್ಲ ಮಟ್ಟಗಳೂ ಆ ಅಗಲವನ್ನೇ ನಂಬಿ ನಿಂತುಬಿಟ್ಟಿರುತ್ತವೆ.

ಇನ್ನು ಹಲಗೆ. ರಿವರ್ಬ್ ಪ್ಲಗಿನ್ ತೋರಿಸುವ ಸೆಕೆಂಡು ಎಂದರೆ ಧ್ವನಿ 60 ಡೆಸಿಬೆಲ್‌ನಷ್ಟು ಇಳಿಯಲು ಹಿಡಿಯುವ ಕಾಲ. ಅನುರಣನದ ಈ ಅಳತೆಯ ಹಿಂದೆ ಹಾರ್ವರ್ಡ್‌ನ ವಾಲೇಸ್ ಸಬೀನ್ 1890ರ ದಶಕದಲ್ಲಿ ಆರಂಭಿಸಿದ ಪ್ರಯೋಗಗಳಿವೆ. 120 ಬಿಪಿಎಂನಲ್ಲಿ ಒಂದು ಕಿಕ್‌ನಿಂದ ಮುಂದಿನ ಕಿಕ್‌ಗೆ 500 ಮಿಲಿಸೆಕೆಂಡ್. ನಿಮ್ಮ 4 ಸೆಕೆಂಡಿನ ರಿವರ್ಬ್ ಅಷ್ಟರಲ್ಲಿ 7.5 ಡೆಸಿಬೆಲ್ ಮಾತ್ರ ಇಳಿದಿರುತ್ತದೆ. ಅಂದರೆ ಪ್ರತಿ ಏಟೂ ಹಿಂದಿನ ಏಟುಗಳ ಬಾಲದ ನಡುವೆಯೇ ಬೀಳುತ್ತದೆ. ಅದನ್ನೇ 1.2 ಸೆಕೆಂಡಿಗೆ ಇಳಿಸಿದರೆ ಮುಂದಿನ ಕಿಕ್ ಹೊತ್ತಿಗೆ ಬಾಲ 25 ಡೆಸಿಬೆಲ್ ತಗ್ಗಿರುತ್ತದೆ, ಏಟು ಬಿಡಿಯಾಗಿ ಕೇಳಿಸುತ್ತದೆ.

ಹಲಗೆಯ ಜೀವವೆಲ್ಲ ಕೋಲು ಚರ್ಮಕ್ಕೆ ತಾಗುವ ಮೊದಲ ಕ್ಷಣದಲ್ಲಿದೆ. ಆ ಕ್ಷಣವನ್ನು ಕಾಪಾಡಲು ಪ್ರಿ-ಡಿಲೇ (ಏಟಿಗೂ ರಿವರ್ಬ್ ಶುರುವಾಗುವುದಕ್ಕೂ ನಡುವಿನ ಬಿಡುವು) ಬಳಸಿ: ನಿಮ್ಮ ವೇಗಕ್ಕೆ 31 ಮಿಲಿಸೆಕೆಂಡ್ ಎಂದರೆ ಹೆಚ್ಚುಕಡಿಮೆ ಬೀಟಿನ ಹದಿನಾರನೆಯ ಒಂದು ಭಾಗ, ತಾಳಕ್ಕೂ ಹೊಂದುತ್ತದೆ. ರಿವರ್ಬನ್ನು ಪ್ರತಿ ಚಾನೆಲ್‌ನಲ್ಲಿ ಹಾಕದೆ ಎಲ್ಲ ಧ್ವನಿಗಳನ್ನೂ ಬೇಕಾದಷ್ಟು ಕಳಿಸಬಹುದಾದ ಒಂದೇ ಸೆಂಡ್ ಚಾನೆಲ್‌ನಲ್ಲಿರಿಸಿ, ರಿವರ್ಬ್‌ಗಿಂತ ಮೊದಲು ಇಕ್ಯೂ (ಧ್ವನಿಯ ಮೇಲು-ಕೆಳ ಸ್ತರಗಳನ್ನು ಏರಿಳಿಸುವ ಸಾಧನ) ಇಟ್ಟು 600 ಹರ್ಟ್ಸ್‌ನ ಕೆಳಗಿನದನ್ನೂ 10,000 ಹರ್ಟ್ಸ್‌ನ ಮೇಲಿನದನ್ನೂ ಕತ್ತರಿಸಿ. ಲಂಡನ್ನಿನ ಆಬಿ ರೋಡ್ ಸ್ಟುಡಿಯೊದ ಹಳೆಯ ಪದ್ಧತಿಯೆಂದು ಪ್ರಸಿದ್ಧವಾದ ಈ ಅಳತೆ ಇಂದಿನ ಎಲೆಕ್ಟ್ರಾನಿಕ್ ಸಂಗೀತಕ್ಕೂ ಸೊಗಸಾಗಿ ಒಗ್ಗುತ್ತದೆ. ಕಿಕ್‌ಗೆ ರಿವರ್ಬ್ ಬೇಡ. ತಗಡಿನ ಛಾವಣಿಯ ಕಲ್ಯಾಣ ಮಂಟಪಗಳಲ್ಲೂ ನಿಮ್ಮ ಹಾಡು ನುಡಿಯುವುದಿದ್ದರೆ, ಆ ಕಟ್ಟಡ ತನ್ನ ಅನುರಣನವನ್ನು ತಾನೇ ಸೇರಿಸುತ್ತದೆಂಬುದನ್ನು ನೆನಪಿನಲ್ಲಿಟ್ಟು ಇನ್ನಷ್ಟು ಕಡಿಮೆ ಮಾಡಿ.

ಪ್ರಶ್ನೆ: ಭತ್ತ ತುಂಬುವ ನಮ್ಮ ಗೋದಾಮು ಖಾಲಿಯಾದಾಗ ಚಪ್ಪಾಳೆ ಹೊಡೆದರೆ ಬಹಳ ಹೊತ್ತು ಮೊಳಗುತ್ತದೆ. ಅದನ್ನೇ ರಿವರ್ಬ್ ಆಗಿ ಬಳಸಬಹುದೇ?
— ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಖಂಡಿತ ಬಳಸಬಹುದು, ಮಾಡಲೇಬೇಕೆಂದು ಒತ್ತಾಯಿಸುತ್ತೇನೆ, ಪ್ಲಗಿನ್‌ಗಳ ಜೊತೆ ಬರುವ ಪರದೇಶದ ಚರ್ಚ್‌ಗಳ ಅನುರಣನ ಎಲ್ಲರ ಹಾಡಿನಲ್ಲೂ ಇದೆ, ನಿಮ್ಮ ಗೋದಾಮಿನದು ಯಾರ ಹಾಡಿನಲ್ಲೂ ಇಲ್ಲ. ಜಾಗವೊಂದು ಕ್ಷಣಮಾತ್ರದ ಸದ್ದಿಗೆ ಕೊಡುವ ಉತ್ತರವನ್ನು ರೆಕಾರ್ಡ್ ಮಾಡಿ ಕನ್ವಲ್ಯೂಷನ್ ರಿವರ್ಬ್ ಪ್ಲಗಿನ್‌ಗೆ ಕೊಟ್ಟರೆ ಯಾವ ಧ್ವನಿಯನ್ನಾದರೂ ಆ ಜಾಗದೊಳಗೆ ಕೂರಿಸಬಹುದು. ದೊಡ್ಡ ಬಲೂನು ಒಡೆಯುವುದು ಸುಲಭದ ದಾರಿ, ಆದರೆ ಅದರಲ್ಲಿ ಕೆಳಸ್ತರದ ಶಕ್ತಿ ಕಡಿಮೆ. ಒಳ್ಳೆಯ ಸ್ಪೀಕರ್ ಇದ್ದರೆ 20ರಿಂದ 20,000 ಹರ್ಟ್ಸ್‌ವರೆಗೆ ಏರುವ ಸ್ವೀಪ್ ನುಡಿಸಿ, ರೆಕಾರ್ಡಿಂಗನ್ನು ಅದರಿಂದ ಜಾಗದ ಉತ್ತರವನ್ನಷ್ಟೇ ಹೊರತೆಗೆಯುವ ಡಿಕನ್ವಲ್ಯೂಷನ್ ತಂತ್ರಾಂಶದಲ್ಲಿ ಬಿಡಿಸಿಕೊಳ್ಳುವುದು ಉತ್ತಮ. ಇಟಲಿಯ ಆಂಜೆಲೊ ಫರೀನಾ 2000ರಲ್ಲಿ ಮಂಡಿಸಿದ ಈ ವಿಧಾನದಲ್ಲಿ ಸ್ಪೀಕರಿನ ವಿಕೃತಿಯನ್ನೂ ಬೇರ್ಪಡಿಸಬಹುದು.

ಗಿರಣಿಯ ಯಂತ್ರ ನಿಂತಿರುವ ರಾತ್ರಿಯಲ್ಲಿ ಎರಡು ಮೈಕ್ ಇಟ್ಟು, 48 ಕಿಲೋಹರ್ಟ್ಸ್‌ನ 24 ಬಿಟ್ ವೇವ್ ಫೈಲಿನಲ್ಲಿ ರೆಕಾರ್ಡ್ ಮಾಡಿ. ರೆಕಾರ್ಡರ್ ತಾನಾಗಿಯೇ ಮಟ್ಟ ಏರಿಳಿಸುವ ಸೌಲಭ್ಯವನ್ನು ನಿಲ್ಲಿಸಿಡಿ, ಇಲ್ಲವಾದರೆ ಇಳಿಯಬೇಕಾದ ಬಾಲವನ್ನು ಅದು ಮತ್ತೆ ಎತ್ತುತ್ತದೆ. ಭತ್ತದ ಚೀಲಗಳು ಶಬ್ದವನ್ನು ಹೀರುವುದರಿಂದ ಅರ್ಧ ತುಂಬಿದಾಗ ಇನ್ನೊಮ್ಮೆ ಮಾಡಿಕೊಂಡರೆ ಅದೇ ಜಾಗದ ಚಿಕ್ಕ ರಿವರ್ಬ್ ಒಂದು ನಿಮಗೆ ದೊರೆಯುತ್ತದೆ, ಹಲಗೆಯಂಥ ವಾದ್ಯಕ್ಕೆ ಅದೇ ಹೆಚ್ಚು ಹೊಂದೀತು. ಕೊನೆಗೆ ಬಾಲವು ಹಿನ್ನೆಲೆಯ ಗದ್ದಲದಲ್ಲಿ ಮುಳುಗುವ ಮೊದಲೇ ಫೈಲನ್ನು ನಿಧಾನವಾಗಿ ಫೇಡ್ ಮಾಡಿ, ಇಲ್ಲದಿದ್ದರೆ ದೂರದ ಪಂಪ್‌ಸೆಟ್ಟಿನ ಗುಂಯ್‌ಗುಡುವಿಕೆ ನಿಮ್ಮ ಪ್ರತಿ ಸ್ವರಕ್ಕೂ ಅಂಟಿಕೊಳ್ಳುತ್ತದೆ.