ಕಾರಿನ ಡಿಕ್ಕಿಯಲ್ಲಿ ಎರಡು ಸಬ್ ವೂಫರ್ (ಬೇಸ್ ಸ್ಪೀಕರ್) ಇದ್ದರೂ ಬೇಸ್ ಸಪ್ಪೆ. ಇನ್ನೂ ದೊಡ್ಡ ಆಂಪ್ (ಆಂಪ್ಲಿಫೈಯರ್) ಹಾಕಿಸಲಾ?

ಬೇಡ. ದುಡ್ಡು ಸದ್ಯ ಜೇಬಲ್ಲೇ ಇರಲಿ.

"ಎರಡು 12 ಇಂಚಿನ ಸಬ್, 500 ವ್ಯಾಟ್ ಆಂಪ್, ಮಲ್ಟಿಮೀಟರ್ ಇಟ್ಟು ನೋಡಿದೆ, ವೈರಿಂಗ್ ಸರಿ ಇದೆ, ಆದರೂ ಬೇಸ್ ಇಲ್ಲ" ಅಂತ ಬರೆದಿದ್ದೀರಲ್ಲ, ಆ "ಮೀಟರ್ ಇಟ್ಟು ನೋಡಿದೆ" ಅನ್ನೋ ನಂಬಿಕೆಯಲ್ಲೇ ನಾನು ಮೂರು ತಿಂಗಳು ಮತ್ತು 14,000 ರೂಪಾಯಿ ಕಳೆದುಕೊಂಡೆ. ನೀವು ಚಿತ್ರದುರ್ಗದವರು, ನಾನು ದಾವಣಗೆರೆಯವನು. ಮಧ್ಯೆ ಅರವತ್ತು ಕಿಲೋಮೀಟರ್ ಹೈವೇ ಇದೆ, ತಪ್ಪು ಮಾತ್ರ ಒಂದೇ ಥರ ಕಾಣ್ತಿದೆ.

ನನ್ನದು ಹ್ಯಾಚ್‌ಬ್ಯಾಕ್. ತಲಾ 4 ಓಮ್‌ನ ಎರಡು 12 ಇಂಚು ಸಬ್, ಒಂದೇ ಗೂಡಿನ ಪೋರ್ಟೆಡ್ (ಗಾಳಿ ಆಡೋ ಕಿಂಡಿ, ಅಂದರೆ ಪೋರ್ಟ್ ಇರೋ) ಬಾಕ್ಸ್, ಎರಡೂ ಪ್ಯಾರಲಲ್ ಸೇರಿ 2 ಓಮ್. ಆಂಪ್ ಮೇಲೆ 1500 ವ್ಯಾಟ್ ಅಂತ ಬರೆದಿತ್ತು, ನಿಜವಾದ ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ವ್ಯಾಟ್, 500. (ಬರೆದಿದ್ದನ್ನು ನಂಬಬೇಡಿ, ಆಂಪ್ ಮೈಮೇಲಿನ ಫ್ಯೂಸ್ ನೋಡಿ. 25 ಆಂಪಿಯರ್‌ನವು ಎರಡಿದ್ದರೆ ಒಟ್ಟು 50. ಅದನ್ನು 13.8 ವೋಲ್ಟ್‌ಗೆ ಗುಣಿಸಿ, ಬಂದದ್ದರಲ್ಲಿ ಮುಕ್ಕಾಲು ಪಾಲು ಮಾತ್ರ ಲೆಕ್ಕಕ್ಕೆ ಹಿಡೀರಿ, ಸುಮಾರು 517 ವ್ಯಾಟ್. ಅದಕ್ಕಿಂತ ಹೆಚ್ಚು ಅದು ಕೊಡಲ್ಲ.) ಹಾಕಿಸಿದ ದಿನದಿಂದಲೇ ಬೇಸ್ ಇಲ್ಲ. ಸಬ್‌ಗಳ ಕೋನ್ (ಮುಂದೆ ಅಲ್ಲಾಡೋ ಭಾಗ) ಎರಡೂ ದಬದಬ ಕುಣೀತಿವೆ, ಆಂಪ್ ಬಿಸಿಯಾಗ್ತಿದೆ, ಹೆಡ್‌ಲೈಟ್ ಕೂಡ ತಾಳಕ್ಕೆ ಸರಿಯಾಗಿ ಮಂಕಾಗ್ತಿದೆ. ಕಾರೊಳಗೆ ಕೂತರೆ ಪಕ್ಕದ ಮನೇಲಿ ಯಾರೋ ತಗಡು ಬಡಿದ ಹಾಗೆ. ಅಂಗಡಿಯವನ ಹತ್ರ ಹೋದರೆ "ಆಂಪ್ ಸಣ್ದಾತು ಸಾರ್, ದೊಡ್ದು ಹಾಕ್ಸಿ" ಅಂದ. ಹಾಕಿಸಿದೆ. ಸದ್ದು ಹೆಚ್ಚಾಯ್ತು, ಬೇಸ್ ಅಷ್ಟೇ ಉಳೀತು.

ಕಾರಣ: ಬಾಕ್ಸ್ ಒಳಗೆ ಒಂದು ಸಬ್‌ನ ಪ್ಲಸ್ ಮೈನಸ್ ಅದಲುಬದಲಾಗಿತ್ತು. ಹೊರಗಿನ ಟರ್ಮಿನಲ್‌ನಲ್ಲಿ ನಾನು ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸರಿಯಾಗೇ ಕೊಟ್ಟಿದ್ದೆ. ಒಳಗಿನ ತುಂಡು ವೈರ್‌ನ ಎರಡೂ ಎಳೆ ಒಂದೇ ಬಣ್ಣ, ಒಂದರ ಮೇಲೆ ಸಣ್ಣ ಗೀರು ಅಷ್ಟೇ. ಬಾಕ್ಸ್ ಮಾಡಿದವರು ಒಂದು ಕಡೆ ಗೀರು ನೋಡಿದ್ದಾರೆ, ಇನ್ನೊಂದು ಕಡೆ ನೋಡಿಲ್ಲ.

ಈಗ ಮೀಟರ್ ಯಾಕೆ ಮೋಸ ಮಾಡ್ತು ಅನ್ನೋದನ್ನ ಸ್ವಲ್ಪ ಎಳೆದೇ ಹೇಳ್ತೀನಿ. 4 ಓಮ್ ಸಬ್‌ನ ಕಾಯಿಲ್ ಮೀಟರಲ್ಲಿ 3.2ರಿಂದ 3.7ರೊಳಗೆ ತೋರಿಸುತ್ತೆ. ಅಂಥವೆರಡು ಪ್ಯಾರಲಲ್ ಆದರೆ 1.8 ಆಸುಪಾಸು. ನನಗೆ 1.8 ಬಂತು, ವೈರಿಂಗ್ ಪಾಸಾಯ್ತು ಅಂದ್ಕೊಂಡೆ. ಆದರೆ ಕಾಯಿಲ್ ಅನ್ನೋದು ಬರೀ ತಂತಿ. ಅದರ ಓಮ್‌ಗೆ ಹಿಂದು ಮುಂದು ಇಲ್ಲ. ಸಬ್ ಸೀದಾ ಇದ್ದರೂ 1.8, ಒಂದು ಉಲ್ಟಾ ಇದ್ದರೂ 1.8, ಮೀಟರಿನ ಕಡ್ಡಿ ತಿರುಗಿಸಿ ಹಿಡಿದರೂ 1.8. ಪೊಲಾರಿಟಿ, ಅಂದರೆ ಪ್ಲಸ್ ಯಾವುದು ಮೈನಸ್ ಯಾವುದು ಅಂತ ಹೇಳುವ ಶಕ್ತಿಯೇ ಆ ಅಳತೆಗೆ ಇಲ್ಲ. ಆಂಪ್ ಕೂಡ ತನ್ನ ಪಾಡಿಗೆ ಕರೆಂಟ್ ತಳ್ಳುತ್ತೆ, ಪ್ರೊಟೆಕ್ಟ್ ಲೈಟ್ ಹತ್ತಲ್ಲ, ಸುಟ್ಟ ವಾಸನೆ ಬರಲ್ಲ. ಎಲ್ಲಾ ಸರಿ ಇದ್ದಂಗೇ ಕಾಣುತ್ತೆ.

ಒಂದು ಕೋನ್ ಗಾಳಿಯನ್ನು ಹೊರಗೆ ದಬ್ಬಿದ ಕ್ಷಣವೇ ಇನ್ನೊಂದು ಒಳಗೆ ಎಳೆದುಕೊಳ್ಳುತ್ತೆ. 50 ಹರ್ಟ್ಜ್ ಸದ್ದಿನ ಅಲೆಯ ಉದ್ದ ಸುಮಾರು 7 ಮೀಟರ್. ನಿಮ್ಮ ಎರಡು ಸಬ್‌ಗಳ ನಡುವೆ ಇರೋದು ಒಂದು ಮೊಳ. ಏಳು ಮೀಟರ್ ಅಲೆಗೆ ಮೊಳದ ಅಂತರ ಲೆಕ್ಕಕ್ಕೇ ಇಲ್ಲ, ಎರಡೂ ಒಂದೇ ಜಾಗದಲ್ಲಿ ಹುಟ್ಟಿ ಅಲ್ಲೇ ಒಂದನ್ನೊಂದು ಅಳಿಸಿಹಾಕುತ್ತವೆ. ಮೇಲಿನ ಸದ್ದುಗಳ ಅಲೆ ಗಿಡ್ಡ, ಅವು ಪೂರ್ತಿ ಅಳಿಯಲ್ಲ. ಆ ತಗಡು ಬಡಿದ ಹಾಗಿನ ಸದ್ದು ಅದೇ. ಒಬ್ಬ ತೊಟ್ಟಿಗೆ ಕೊಡ ಸುರೀತಾ ಇದ್ದಾನೆ, ಇನ್ನೊಬ್ಬ ಅದೇ ಹೊತ್ತಿಗೆ ಕೊಡ ಮೊಗೀತಾ ಇದ್ದಾನೆ ಅಂದ್ಕೊಳ್ಳಿ. ನಾನು 14,000 ಕೊಟ್ಟು ಇಬ್ಬರಿಗೂ ದೊಡ್ಡ ಕೊಡ ಕೊಡಿಸಿದೆ.

ಒಂದೇ ಗೂಡಿನ ಬಾಕ್ಸ್ ಆದರೆ ಇನ್ನೂ ಕೆಟ್ಟದ್ದು. ಒಂದು ಕೋನ್ ಒಳಗೆ ಹೋದಾಗ ಇನ್ನೊಂದು ಹೊರಗೆ ಬರುವುದರಿಂದ ಬಾಕ್ಸ್ ಒಳಗಿನ ಒತ್ತಡ ಬದಲಾಗೋದೇ ಇಲ್ಲ. ಪೋರ್ಟ್ ಕೆಲಸ ಮಾಡಲ್ಲ, ಕೋನ್‌ಗೆ ತಡೆಯೋ ಗಾಳಿ ಇಲ್ಲ, ಅದಕ್ಕೇ ಅಷ್ಟೊಂದು ಕುಣಿಯೋದು. ಆಂಪ್ ಮೇಲಿನ ಗೇನ್ ನಾಬ್ ಏರಿಸಿದರೆ ಕಾಯಿಲ್ ಹೋಗಿ ಮ್ಯಾಗ್ನೆಟ್‌ನ ತಳಕ್ಕೆ ಬಡಿಯುತ್ತೆ.

ನನಗೆ ಸಿಕ್ಕಿದ್ದು ಜಾಣತನದಿಂದಲ್ಲ. ಪಿ.ಬಿ. ರೋಡಲ್ಲಿ ಕಾರು ನಿಲ್ಲಿಸಿ ಮಂಡಕ್ಕಿ ಮೆಣಸಿನಕಾಯಿ ತಿಂತಾ, ಬ್ಯಾಟರಿ ಉಳಿಯಲಿ ಅಂತ ಒಂದು ಸಬ್‌ನ ವೈರ್ ಕಿತ್ತೆ. ಅಷ್ಟೇ, ಹಿಂದಿನ ಗಾಜು ನಡುಗ್ತು. ಎರಡಿದ್ದಾಗ ಬರದ ಬೇಸ್ ಒಂದರಲ್ಲಿ ಬಂತು.

ಹಾಗಾಗಿ ಇವತ್ತೇ ಈ ಪರೀಕ್ಷೆ ಮಾಡಿ, ಐದು ನಿಮಿಷದ ಕೆಲಸ. ಆಂಪ್ ಆಫ್ ಮಾಡಿ, ಒಂದೇ ಸಬ್‌ನ ಕೆಂಪು ಕಪ್ಪು ವೈರ್ ಅದಲುಬದಲು ಮಾಡಿ, ಅದೇ ಹಾಡು ಅದೇ ವಾಲ್ಯೂಮಲ್ಲಿ ಹಾಕಿ. ಬೇಸ್ ಎದ್ದರೆ ನಿಮ್ಮದೂ ನನ್ನದೇ ಕಥೆ. ಕಡಿಮೆಯಾದರೆ ಮೊದಲು ಇದ್ದದ್ದೇ ಸರಿ, ವಾಪಸ್ ಕೊಡಿ. ಪೋರ್ಟ್ ಮುಂದೆ ಅಂಗೈ ಹಿಡಿದೂ ನೋಡಿ. 12 ಇಂಚಿನ ಎರಡು ಸಬ್ ಒಟ್ಟಿಗೆ ದುಡಿದರೆ ಗಾಳಿ ಕೈಗೆ ತಾಕಲೇಬೇಕು.

ಖಾತ್ರಿ ಬೇಕಂದರೆ 9 ವೋಲ್ಟ್ ಬ್ಯಾಟರಿ ತನ್ನಿ, ಎಲ್ಲಾ ಎಲೆಕ್ಟ್ರಿಕಲ್ ಅಂಗಡೀಲೂ ಸಿಗುತ್ತೆ. ಸಬ್‌ನ ವೈರ್‌ಗಳನ್ನು ಆಂಪ್‌ನಿಂದ ಪೂರ್ತಿ ಬಿಚ್ಚಿ. ಬ್ಯಾಟರಿ ಪ್ಲಸ್ ಕೆಂಪಿಗೆ, ಮೈನಸ್ ಕಪ್ಪಿಗೆ ಅರೆ ಸೆಕೆಂಡ್ ತಾಗಿಸಿ. ಕೋನ್ ಹೊರಗೆ ಬಂದರೆ ಸೀದಾ, ಒಳಗೆ ಹೋದರೆ ಉಲ್ಟಾ. ಇದನ್ನು ಮೊದಲು ಬಾಕ್ಸ್‌ನ ಹೊರಗಿನ ಟರ್ಮಿನಲ್‌ನಲ್ಲಿ ಮಾಡಿ, ಉಲ್ಟಾ ಬಂದರೆ ಸ್ಕ್ರೂ ಬಿಚ್ಚಿ ಒಳಗಿನ ವೈರ್ ಸರಿಪಡಿಸಿ. ಹೊರಗೆ ಅದಲುಬದಲು ಮಾಡಿ ಹಾಗೇ ಬಿಡಬೇಡಿ, ಮುಂದೆ ಯಾರೋ ಬಂದು "ತಪ್ಪು ಕೊಟ್ಟಿದ್ದಾರೆ" ಅಂತ ಮತ್ತೆ ಬದಲಿಸ್ತಾರೆ.

ಸಬ್‌ಗೆ ನಾಲ್ಕು ಟರ್ಮಿನಲ್ ಇದ್ದರೆ ಅದು ಎರಡು ಕಾಯಿಲ್‌ನದ್ದು. ಒಂದು ಕಾಯಿಲ್ ಉಲ್ಟಾ ಆದರೆ ಒಂದೇ ಕೋನ್ ಮೇಲೆ ಎರಡೂ ಜಗ್ಗಾಡಿ ಅದು ಅಲ್ಲಾಡುವುದೇ ಇಲ್ಲ, ಶಕ್ತಿಯೆಲ್ಲಾ ಬಿಸಿಯಾಗಿ ಹೋಗುತ್ತೆ. ಇದನ್ನು ಜಾಸ್ತಿ ಹೊತ್ತು ಓಡಿಸಬೇಡಿ.

ಇದೇ ತಪ್ಪು ಇನ್ನೊಂದು ವೇಷದಲ್ಲೂ ಬರುತ್ತೆ. ಕಂಪನಿ ಸ್ಟೀರಿಯೊ ಉಳಿಸಿಕೊಂಡು, ಬಾಗಿಲ ಸ್ಪೀಕರ್ ವೈರ್‌ನಿಂದ ಆಂಪ್‌ಗೆ ಸಿಗ್ನಲ್ ಕೊಟ್ಟಿದ್ದರೆ ಎಡ, ಬಲದಲ್ಲಿ ಒಂದರ ಪ್ಲಸ್ ಮೈನಸ್ ಉಲ್ಟಾ ಆಗಿರಬಹುದು. ಸಬ್ ಆಂಪ್ ಎಡ ಬಲ ಎರಡನ್ನೂ ಕೂಡಿಸಿ ಒಂದು ಮಾಡುತ್ತೆ. ಹಾಡುಗಳಲ್ಲಿ ಬೇಸ್ ಸಾಮಾನ್ಯವಾಗಿ ಎರಡೂ ಕಡೆ ಸಮ. ಕೂಡಿಸುವ ಬದಲು ಕಳೆದಂತಾಗಿ ಬೇಸ್ ಆಂಪ್ ಒಳಗೇ ಸಾಯುತ್ತೆ. ಎಡ ಅಥವಾ ಬಲದ ಒಂದು ಇನ್‌ಪುಟ್ ತೆಗೆದು ನೋಡಿ, ಬೇಸ್ ಹೆಚ್ಚಾದರೆ ಇದೇ. ಜೊತೆಗೆ, ಕೆಲವು ಕಂಪನಿ ಸ್ಟೀರಿಯೊಗಳು ಬಾಗಿಲ ಸ್ಪೀಕರ್ ಹರಿಯದಿರಲಿ ಅಂತ ವಾಲ್ಯೂಮ್ ಏರಿದಂತೆ ಬೇಸ್ ಕತ್ತರಿಸುತ್ತವೆ. ಅಲ್ಲಿ ಕತ್ತರಿಸಿದ್ದನ್ನು ಯಾವ ಆಂಪ್ ಕೂಡ ವಾಪಸ್ ತರಲ್ಲ.

ಪೊಲಾರಿಟಿ ಸರಿ ಇದ್ದೂ ಸಪ್ಪೆ ಇದ್ದರೆ ಮುಂದಕ್ಕೆ ಬನ್ನಿ. ಡೆಕ್ (ಮುಂದಿನ ಸ್ಟೀರಿಯೊ) ಸೆಟ್ಟಿಂಗಲ್ಲಿ ಸಬ್ ವೂಫರ್ ಆನ್ ಇದೆಯಾ, ಲೆವೆಲ್ ಸೊನ್ನೆಗಿಂತ ಕೆಳಗಿದೆಯಾ ನೋಡಿ. ಆಂಪ್‌ನ ಕ್ರಾಸ್‌ಓವರ್ ಸ್ವಿಚ್ ಎಲ್‌ಪಿಎಫ್ (ಕೆಳಗಿನ ಸದ್ದು ಮಾತ್ರ ಬಿಡೋದು) ಕಡೆ ಇರಬೇಕು, 80 ಹರ್ಟ್ಜ್. ಎಚ್‌ಪಿಎಫ್ (ಮೇಲಿನ ಸದ್ದು ಮಾತ್ರ ಬಿಡೋದು) ಕಡೆ ಇದ್ದರೆ ಬೇಸ್ ಒಂದನ್ನು ಬಿಟ್ಟು ಬೇರೆಲ್ಲಾ ಬರುತ್ತೆ. ತೀರಾ ಕೆಳಗಿನ ಸದ್ದು ಕತ್ತರಿಸೋ ಸಬ್‌ಸಾನಿಕ್ ಅನ್ನೋ ನಾಬ್ 25ರಿಂದ 30 ಹರ್ಟ್ಜ್‌ನಲ್ಲಿರಲಿ. ಅದನ್ನು 50ಕ್ಕೆ ತಿರುಗಿಸಿಟ್ಟ ಕಾರು ನೋಡಿದ್ದೀನಿ. ಬೇಸ್ ಗಿಟಾರಿನ ದಪ್ಪ ತಂತಿಯೇ 41 ಹರ್ಟ್ಜ್, ಅದು ಹೆಂಗೆ ಕೇಳಬೇಕು? ಸಬ್‌ನ ಅಲೆಯನ್ನು ಉಲ್ಟಾ ಮಾಡೋ ಫೇಸ್ (phase) ಸ್ವಿಚ್ ಇದ್ದರೆ 0 ಮತ್ತು 180 ಎರಡರಲ್ಲೂ ಡ್ರೈವರ್ ಸೀಟಲ್ಲಿ ಕೂತು ಕೇಳಿ, ಜೋರಾಗಿದ್ದದ್ದನ್ನು ಇಟ್ಟುಕೊಳ್ಳಿ.

ಗೇನ್ ವಾಲ್ಯೂಮ್ ಅಲ್ಲ. ಡೆಕ್‌ನ ಸಿಗ್ನಲ್‌ಗೆ ಆಂಪ್ ಅನ್ನು ಹೊಂದಿಸೋದು ಅದರ ಕೆಲಸ. ಸಬ್ ಬಿಚ್ಚಿ, ಬೇಸ್ ಬೂಸ್ಟ್ ಸೊನ್ನೆ, ಈಕ್ವಲೈಸರ್ ಸಮ, ಗೇನ್ ಪೂರ್ತಿ ಕೆಳಗೆ. 0 ಡಿಬಿಯ (ಡೆಸಿಬಲ್; ಇಲ್ಲಿ ರೆಕಾರ್ಡಿಂಗಿನ ಪೂರ್ತಿ ಮಟ್ಟ) 50 ಹರ್ಟ್ಜ್ ಟೋನ್ ಹಾಕಿ, ಡೆಕ್ ವಾಲ್ಯೂಮ್ ಮುಕ್ಕಾಲು, ಅಂದರೆ 40ರಲ್ಲಿ 30. ಮೀಟರ್ ಎಸಿ ವೋಲ್ಟ್‌ಗೆ ಇಟ್ಟು ಆಂಪ್‌ನ ಸ್ಪೀಕರ್ ಟರ್ಮಿನಲ್‌ಗೆ ಹಿಡಿದು, ಬೇಕಾದ ವೋಲ್ಟ್ ಬರೋವರೆಗೆ ಗೇನ್ ಏರಿಸಿ. ಆ ವೋಲ್ಟ್ ಅಂದರೆ ವ್ಯಾಟ್ ಇಂಟು ಓಮ್‌ನ ವರ್ಗಮೂಲ. 500 ವ್ಯಾಟ್, 2 ಓಮ್‌ಗೆ 31.6. 300 ವ್ಯಾಟ್, 4 ಓಮ್‌ಗೆ 34.6. ಸಬ್‌ಗಳ ಆರ್‌ಎಂಎಸ್ ಆಂಪ್‌ಗಿಂತ ಕಡಿಮೆ ಇದ್ದರೆ ಲೆಕ್ಕಕ್ಕೆ ಸಬ್‌ನ ವ್ಯಾಟ್ ಹಿಡೀರಿ. ಗೇನ್ ಏರಿಸಿದರೂ ವೋಲ್ಟ್ ಏರದಿದ್ದರೆ ಅದೇ ಟೋನಲ್ಲಿ ಆರ್‌ಸಿಎ (ಡೆಕ್‌ನಿಂದ ಆಂಪ್‌ಗೆ ಸಿಗ್ನಲ್ ತರೋ ವೈರ್) ತುದಿ ಅಳೆಯಿರಿ. ಅಲ್ಲೇ ಸೊನ್ನೆ ಇದ್ದರೆ ಡೆಕ್ ಅಥವಾ ಆರ್‌ಸಿಎ ವೈರ್, ಆಂಪ್ ನಿರಪರಾಧಿ.

ಕರೆಂಟ್ ವಿಷಯಕ್ಕೆ ಬಂದರೆ, 500 ವ್ಯಾಟ್ ಕ್ಲಾಸ್ ಡಿ (ಕಡಿಮೆ ಕರೆಂಟ್ ಪೋಲು ಮಾಡೋ ಬಗೆ) ಆಂಪ್ ಪೂರ್ತಿ ದುಡಿದಾಗ ಸುಮಾರು 45 ಆಂಪಿಯರ್ ಎಳೆಯುತ್ತೆ. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್ ವೈರ್. 8 ಗೇಜ್, ಅಂದರೆ ಸುಮಾರು 8 ಚದರ ಮಿಮೀ, ಅಸಲಿ ತಾಮ್ರವಾದರೂ ಅರ್ಧ ವೋಲ್ಟ್ ದಾರೀಲೇ ಹೋಗುತ್ತೆ. ಕಿಟ್ ಜೊತೆ ಬರೋ ಅಗ್ಗದ ವೈರ್ ಎಷ್ಟೋ ಸಲ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅದರಲ್ಲಿ ನಷ್ಟ ಸುಮಾರು ಒಂದೂವರೆ ಪಟ್ಟು. ಬ್ಲೇಡಲ್ಲಿ ಒಂದು ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದೇ. 4 ಗೇಜ್, 21 ಚದರ ಮಿಮೀ ಪೂರ್ತಿ ತಾಮ್ರ ಹಾಕಿ, ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ 60 ಆಂಪಿಯರ್ ಫ್ಯೂಸ್ ಇರಲಿ. ಆ ಫ್ಯೂಸ್ ಆಂಪ್ ಕಾಯೋದಕ್ಕಲ್ಲ, ವೈರ್ ಎಲ್ಲಾದರೂ ಬಾಡಿಗೆ ಉಜ್ಜಿ ಶಾರ್ಟ್ ಆದಾಗ ಕಾರಿಗೆ ಬೆಂಕಿ ಬೀಳದಿರಲಿಕ್ಕೆ.

ಅರ್ಥಿಂಗ್ ಮೇಲೆ ನನಗೆ ಯಾವಾಗಲೂ ಅನುಮಾನ. ಸೀಟ್ ಬೋಲ್ಟ್‌ಗೆ, ಪೇಂಟ್ ಮೇಲೇ ಲಗ್ ಬಿಗಿದಿರ್ತಾರೆ. ಪ್ಲಸ್ ವೈರ್‌ನಷ್ಟೇ ದಪ್ಪದ ವೈರ್, ಮೊಳದುದ್ದ ಸಾಕು, ಎಮರಿ ಪೇಪರಲ್ಲಿ ಬಿಳಿ ಲೋಹ ಕಾಣೋವರೆಗೆ ಉಜ್ಜಿ ಬಿಗಿಯಿರಿ, ಮೇಲೆ ಗ್ರೀಸ್ ಸವರಿ. ಪರೀಕ್ಷೆ ಹೀಗೆ: ಇಂಜಿನ್ ಆನ್, ಬೇಸ್ ಜೋರಾಗಿ ಬಡಿಯುವಾಗ ಮೀಟರ್‌ನ ಒಂದು ಕಡ್ಡಿ ಆಂಪ್‌ನ ಮೈನಸ್‌ಗೆ, ಇನ್ನೊಂದನ್ನು ಉದ್ದ ವೈರ್ ಎಳೆದು ಬ್ಯಾಟರಿ ಮೈನಸ್‌ಗೆ. 0.1 ವೋಲ್ಟ್ ಬಂದರೆ ಚೆನ್ನ, 0.5 ಬಂದರೆ ಅರ್ಥಿಂಗ್ ಕೆಟ್ಟಿದೆ. ಅದೇ ಹೊತ್ತಲ್ಲಿ ಆಂಪ್‌ನ ಪ್ಲಸ್ ಮೈನಸ್ ನಡುವೆ 13ಕ್ಕಿಂತ ಮೇಲಿರಬೇಕು, 12ರ ಕೆಳಗೆ ಬಿದ್ದರೆ ಆಂಪ್ ಉಸಿರುಗಟ್ಟುತ್ತಿದೆ.

ಬಾಕ್ಸ್ ಬಗ್ಗೆ ಜಾಸ್ತಿ ಹೇಳಲ್ಲ. ಹ್ಯಾಚ್‌ಬ್ಯಾಕಲ್ಲಿ ಸಬ್‌ಗಳ ಮುಖ ಹಿಂದಿನ ಬಾಗಿಲ ಕಡೆ, ಒಂದು ಗೇಣು ಜಾಗ ಬಿಟ್ಟು. ಸೆಡಾನ್ ಆದರೆ ಹಿಂದಿನ ಸೀಟು ಮಡಚಿ ಕೇಳಿ. ಒಮ್ಮೆಲೇ ಬೇಸ್ ನುಗ್ಗಿದರೆ ತೊಂದರೆ ಸಬ್‌ನದಲ್ಲ, ಸದ್ದು ಡಿಕ್ಕೀಲೇ ಸಿಕ್ಕಿಹಾಕಿಕೊಂಡಿದೆ. ಬಾಕ್ಸ್‌ನ ಹಲಗೆಗಳು ಕೂಡೋ ಕಡೆ ಊದುಬತ್ತಿ ಹಿಡಿದು 30 ಹರ್ಟ್ಜ್ ಟೋನ್ ಹಾಕಿ, ಹೊಗೆ ನಡುಗಿದ ಕಡೆ ಸೋರುತ್ತಿದೆ.

ಇನ್ನು ನಿಮ್ಮ ದೊಡ್ಡ ಆಂಪ್. 500 ವ್ಯಾಟ್‌ನಿಂದ 1000ಕ್ಕೆ ಹೋದರೆ ಸಿಗೋದು 3 ಡಿಬಿ. ಕಿವಿಗೆ "ಹೂಂ, ಸ್ವಲ್ಪ ಜಾಸ್ತಿ" ಅನಿಸುವಷ್ಟು. ಎರಡು ಪಟ್ಟು ಜೋರು ಅನಿಸಬೇಕಾದರೆ 10 ಡಿಬಿ, ಅಂದರೆ ಹತ್ತು ಪಟ್ಟು ವ್ಯಾಟ್. ನನ್ನ ಕೇಳಿದರೆ ಸಣ್ಣ ಕಾರಿಗೆ ಒಂದೇ 12 ಇಂಚು ಧಾರಾಳ ಸಾಕು, ನಾನೀಗ ಓಡಿಸ್ತಿರೋದು ಹಳೇ ಆಂಪ್‌ನಲ್ಲಿ ಒಂದೇ ಸಬ್. ಎರಡು ಕೊಂಡಾಗಿದೆ ಅಂತೀರಾದರೆ ಇರಲಿ, ಮೊದಲು ಒಂದರ ವೈರ್ ತಿರುಗಿಸಿ ನೋಡಿ. ಅದರಿಂದಲೂ ಆಗದಿದ್ದರೆ ಸಬ್‌ಗೆ ಎಷ್ಟು ಟರ್ಮಿನಲ್, ಕಾರು ಹ್ಯಾಚ್‌ಬ್ಯಾಕಾ ಸೆಡಾನಾ, ಬೇಸ್ ಬಡಿಯುವಾಗ ಆಂಪ್ ಹತ್ರ ಎಷ್ಟು ವೋಲ್ಟ್, ಈ ಮೂರು ಬರೆದು ಹಾಕಿ.