ಸಂಪಾದಕರ ಉತ್ತರ: ಈ ತಪಸ್ಸುಕಾಲಕ್ಕೆ ಯಾವುದನ್ನು ಹಿಡಿಯಲಿ?

ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ 40 ದಿನದ ತಪಸ್ಸುಕಾಲದ ಬಗ್ಗೆ ಚಿಕ್ಕಮಗಳೂರು ಕಡೆಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

"ಹೋದ ವರ್ಷ ತಪಸ್ಸುಕಾಲಕ್ಕೆ ಮಾಂಸ ಬಿಟ್ಟೆ, ಟೀ ಬಿಟ್ಟೆ, ಸೀರಿಯಲ್ ಬಿಟ್ಟೆ. ದಿನಾ ಜಪಸರ, ಶುಕ್ರವಾರ ಚರ್ಚಿನಲ್ಲಿ ಶಿಲುಬೆ ಹಾದಿ ಪ್ರಾರ್ಥನೆ. ಜೊತೆಗೆ ಬೈಬಲಿನ ಹೊಸ ಒಡಂಬಡಿಕೆ ಪೂರ್ತಿ ಓದಿ ಮುಗಿಸುತ್ತೇನೆ ಅಂತ ಶುರು ಮಾಡಿದೆ. ಮೂರನೇ ವಾರಕ್ಕೆ ಒಂದೂ ಉಳಿಯಲಿಲ್ಲ. ಟೀ ಇಲ್ಲದೆ ತಲೆನೋವು, ತಲೆನೋವಿಗೆ ಮಕ್ಕಳ ಮೇಲೆ ರೇಗಾಟ. ಪಕ್ಕದ ಮನೆಯವರು ಕೇರಳ ಮೂಲದ ಸಿರೋ ಮಲಬಾರ್ ಕ್ಯಾಥೋಲಿಕ್ ಸಭೆಯವರು. 50 ದಿನ ಮೀನು, ಮಾಂಸ ಮುಟ್ಟುವುದಿಲ್ಲ. ಅವರನ್ನು ನೋಡಿದರೆ ನಾಚಿಕೆಯಾಗುತ್ತದೆ. ನಮ್ಮ ಅತ್ತೆಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ಆದರೂ ಒಪ್ಪತ್ತು ಬಿಡುವುದಿಲ್ಲ. ಈಗ ವಾಟ್ಸ್ಆ್ಯಪ್‌ನಲ್ಲಿ ದಿನಕ್ಕೊಂದು ತ್ಯಾಗ ಅಂತ 40 ದಿನದ ಪಟ್ಟಿ ಬಂದಿದೆ. ಈ ಸಲ ಏನು ಮಾಡಲಿ? ಭಾನುವಾರ ಬಿಡುವು ತಗೋಬಹುದಾ?"

ಪ್ರಿಯ ಸಹೋದರಿ,

ಮೊದಲು ಅತ್ತೆಯವರ ವಿಷಯ. ಇದು ಕಾಯುವಂಥದ್ದಲ್ಲ. ನಮ್ಮ ಲ್ಯಾಟಿನ್ ಕ್ಯಾಥೋಲಿಕ್ ಸಭೆಯ ಕಾನೂನಿನಲ್ಲಿ ಉಪವಾಸದ ಕಟ್ಟಳೆ ಇರುವುದು 18 ತುಂಬಿದವರಿಂದ 59 ತುಂಬುವವರ ತನಕ. ಅದೂ ಎರಡೇ ದಿನ: ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಒಂದು ಪೂರ್ತಿ ಊಟ, ಉಳಿದ ಎರಡು ಹೊತ್ತು ಸ್ವಲ್ಪ ಸ್ವಲ್ಪ. ಕಾಯಿಲೆಯವರಿಗೆ ವಯಸ್ಸು ಎಷ್ಟೇ ಇರಲಿ, ಈ ಕಟ್ಟಳೆ ಇಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಂಡು ಊಟ ತಪ್ಪಿಸಿದರೆ ರಕ್ತದಲ್ಲಿ ಸಕ್ಕರೆ ಏಕಾಏಕಿ ಇಳಿದುಬಿಡಬಹುದು. ಮನೆಯವರು ಹೇಳಿದರೆ ಅವರು ಕೇಳಲಿಕ್ಕಿಲ್ಲ. ಹಾಗಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಧರ್ಮಕೇಂದ್ರದ ಗುರುಗಳಿಂದಲೂ ಒಂದು ಮಾತು ಹೇಳಿಸಿ. ಸ್ವಾಮಿಗಳು ಊಟ ಮಾಡಿ ಅಂದರೆ ಇಲ್ಲ ಅನ್ನುವ ಅತ್ತೆಯರು ಕಡಿಮೆ.

ಪಕ್ಕದ ಮನೆಯವರ 50 ದಿನದ ನೋಂಬು ಅವರ ಸಭೆಯ ಪರಂಪರೆ. ಅವರಿಗೆ ತಪಸ್ಸುಕಾಲ ಬುಧವಾರ ಅಲ್ಲ, ಸೋಮವಾರವೇ ಶುರುವಾಗುತ್ತದೆ. ಇಡೀ ಮನೆ, ಇಡೀ ಊರು ಒಟ್ಟಿಗೆ ಹಿಡಿಯುವ ನೋಂಬು ಅದು. ಅಡುಗೆಮನೆಯಲ್ಲಿ ಮೀನೇ ಇಲ್ಲದಿದ್ದರೆ ಮೀನು ಬಿಡುವುದು ಅಷ್ಟೇನೂ ಕಷ್ಟವಲ್ಲ. ನಿಮ್ಮ ಮನೆಯಲ್ಲಿ ನೀವೊಬ್ಬರೇ ಬಿಟ್ಟು, ಉಳಿದವರಿಗೆ ಕೋಳಿ ಸಾರು ಮಾಡಿ ಬಡಿಸಿದ್ದೀರಿ. ಹೋಲಿಸಿಕೊಂಡು ನಾಚಿಕೆಪಡುವುದು ಬೇಡ. ನಮಗೆ ಹೇಳಿರುವುದು ಬೂದಿ ಬುಧವಾರ ಮತ್ತು ಶುಕ್ರವಾರಗಳಲ್ಲಿ ಮಾಂಸ ಬೇಡ ಅಂತ, ಅದೂ 14 ತುಂಬಿದವರಿಗೆ. ಮೀನಿಗೆ ಅಡ್ಡಿಯಿಲ್ಲ. ಆದರೆ ಶುಕ್ರವಾರ ಕೋಳಿ ಬಿಟ್ಟು, ಅದಕ್ಕಿಂತ ಜಾಸ್ತಿ ದುಡ್ಡು ಕೊಟ್ಟು ಅಂಜಲ್ ಫ್ರೈ ತಿನ್ನುವುದಿದೆಯಲ್ಲ, ಅದಕ್ಕೆ ಏನೆನ್ನಬೇಕೋ ನೀವೇ ಹೇಳಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಒಂದೇ ಒಂದನ್ನು ಹಿಡಿಯಿರಿ ಎನ್ನುವುದು ನನ್ನ ಸಲಹೆ. ಅದನ್ನು ವಾಟ್ಸ್ಆ್ಯಪ್ ಪಟ್ಟಿಯಲ್ಲಿ ಹುಡುಕಬೇಡಿ, ನಿಮ್ಮ ಪತ್ರದಲ್ಲೇ ಹುಡುಕಿ.

ಇದಕ್ಕೊಂದು ಹಳೆಯ ಪ್ರಸಂಗ ಹೇಳುತ್ತೇನೆ. 387ನೇ ಇಸವಿ, ಈಗಿನ ಟರ್ಕಿಯಲ್ಲಿರುವ ಅಂತಿಯೋಕ್ಯ ಪಟ್ಟಣ. ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಹೊಸ ತೆರಿಗೆ ಹಾಕಿದ. ಜನ ರೊಚ್ಚಿಗೆದ್ದು ಅವನ ಮತ್ತು ಅವನ ಮನೆಯವರ ಪ್ರತಿಮೆಗಳನ್ನು ಉರುಳಿಸಿದರು. ಸಿಟ್ಟು ಇಳಿದ ಮೇಲೆ ಭಯ ಹತ್ತಿತು. ಆ ಕಾಲದಲ್ಲಿ ಚಕ್ರವರ್ತಿಯ ಪ್ರತಿಮೆ ಮುಟ್ಟುವುದೆಂದರೆ ಅವನ ಮೈ ಮುಟ್ಟಿದ ಹಾಗೆ. ಊರಿಗೆ ಊರೇ ಸುಟ್ಟುಹೋಗಬಹುದಿತ್ತು. ವಯಸ್ಸಾದ ಬಿಷಪ್ ಫ್ಲೇವಿಯನ್ ಕ್ಷಮೆ ಕೇಳಲು ಚಕ್ರವರ್ತಿಯಿದ್ದ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟರು. ಅಷ್ಟರಲ್ಲಿ ತಪಸ್ಸುಕಾಲ ಬಂತು. ಜನ ಗುಂಪುಗುಂಪಾಗಿ ಚರ್ಚಿಗೆ ಬಂದರು. ಅವರಿಗೆ ಪ್ರಬೋಧನೆ ಮಾಡುವ ಜವಾಬ್ದಾರಿ ಬಿದ್ದದ್ದು, ಗುರುದೀಕ್ಷೆ ಪಡೆದು ಇನ್ನೂ ಹೆಚ್ಚು ಕಾಲವಾಗಿರದ ಜಾನ್ ಕ್ರಿಸೊಸ್ಟೋಮ್ ಅವರ ಮೇಲೆ.

ಜೀವಭಯದಲ್ಲಿ ನಡುಗುವ ಜನಕ್ಕೆ ಅವರು ಯಾವ ತಪಸ್ಸು ಹೇಳಿಕೊಟ್ಟಿರಬಹುದು? ಆಣೆ ಇಡುವುದನ್ನು ಬಿಡಿ ಅಂದರು. ಅಷ್ಟೇ. ಮಾತುಮಾತಿಗೂ ಆಣೆ ಪ್ರಮಾಣ ಮಾಡುವುದು ಆ ಊರಿನವರ ಚಾಳಿಯಾಗಿತ್ತು. ಇಲ್ಲೂ ದೇವರಾಣೆ, ಅಮ್ಮನಾಣೆ, ಮಕ್ಕಳ ಮೇಲೆ ಆಣೆ ಎಲ್ಲ ನಡೆಯುತ್ತದಲ್ವಾ, ಹಾಗೆ. ವಾರದ ಮೇಲೆ ವಾರ ಅವರು ತಿರುಗಿ ತಿರುಗಿ ಅದನ್ನೇ ಹೇಳಿದರು. ಕೇಳಿ ಕೇಳಿ ಬೇಜಾರಾಯ್ತಾ, ಹಾಗಾದರೆ ಬಿಟ್ಟುಬಿಡಿ, ನಾನೂ ಹೇಳುವುದನ್ನು ನಿಲ್ಲಿಸುತ್ತೇನೆ ಅನ್ನುವ ಧಾಟಿಯಲ್ಲಿ. ಮನೆಯಲ್ಲಿ ಒಬ್ಬರನ್ನೊಬ್ಬರು ತಿದ್ದಿ ಅಂದರು. ಆಣೆ ಇಟ್ಟವರು ಆ ರಾತ್ರಿ ಊಟವಿಲ್ಲದೆ ಮಲಗಲಿ, ಯಜಮಾನನೇ ಇಟ್ಟರೆ ಅವನಿಗೂ ಅದೇ ಶಿಕ್ಷೆ ಅಂದರು. ಕೋಳಿ ಮೀನು ಬಿಟ್ಟು ಅಣ್ಣತಮ್ಮಂದಿರನ್ನು ಕಚ್ಚಿ ತಿಂದರೆ ಏನು ಬಂತು ಎಂದು ಕೇಳಿದ್ದೂ ಇದೇ ದಿನಗಳಲ್ಲಿ. ಪಾಸ್ಖ ಹಬ್ಬದ ಹೊತ್ತಿಗೆ ಬಿಷಪ್ ಕ್ಷಮೆಯ ಸುದ್ದಿ ಹೊತ್ತು ವಾಪಸ್ ಬಂದರು. ಊರು ಉಳಿಯಿತು.

ನನಗೆ ಇದರಲ್ಲಿ ಹಿಡಿಸುವುದು ಆ ಗುರುಗಳ ಆಯ್ಕೆ. ಅಷ್ಟು ದೊಡ್ಡ ಆಪತ್ತಿನಲ್ಲಿ ದೊಡ್ಡ ವ್ರತ ಹೊರಿಸಲಿಲ್ಲ. ಜನ ದಿನಾ ಎಲ್ಲಿ ಎಡವುತ್ತಿದ್ದರೋ ಅಲ್ಲಿಗೆ ಕೈ ಹಾಕಿದರು. ಬಿಟ್ಟರೋ ಇಲ್ಲವೋ ಎಂದು ಮನೆಯವರಿಗೆ ಗೊತ್ತಾಗುವಂಥದ್ದನ್ನೇ ಆರಿಸಿದರು.

ನಿಮ್ಮ ಪತ್ರದಲ್ಲಿ ನೀವು ಎಲ್ಲಿ ಎಡವುತ್ತೀರಿ ಎನ್ನುವುದು ಬಂದುಬಿಟ್ಟಿದೆ: ಮಕ್ಕಳ ಮೇಲಿನ ರೇಗಾಟ. ಹಾಗಾದರೆ ಟೀ ಬಿಡಬೇಡಿ. ಟೀ ಕುಡಿಯಿರಿ, ರೇಗುವುದನ್ನು ಬಿಡಿ. ಬೆಳಗ್ಗೆ ಸ್ಕೂಲ್ ಬಸ್ ಬರುವ ಮುಂಚಿನ ಆ ಒಂದು ಗಂಟೆಯನ್ನು ಮಾತ್ರ ಮೊದಲು ನೋಡಿಕೊಳ್ಳಿ. ಟೈ ಸಿಗಲಿಲ್ಲ, ಡಬ್ಬಿ ಮರೆತರು ಅಂತ ಕೂಗದೆ ಕಳಿಸುವುದು. ರಾತ್ರಿ ಮಲಗುವ ಮೊದಲು ಐದು ನಿಮಿಷ ಕೂತು ಈವತ್ತು ಏನಾಯಿತು ಎಂದು ದೇವರ ಮುಂದೆ ನೆನೆದುಕೊಳ್ಳಿ. ಕೂಗಿದ್ದರೆ ಮಾರನೇ ದಿನ ಮಗುವಿನ ಹತ್ತಿರ ಸಾರಿ ಕೇಳಿ. ಮಾಂಸ ಬಿಡುವುದಕ್ಕಿಂತ ಇದು ಕಷ್ಟ. ಮಾಂಸ ನಮ್ಮನ್ನು ಕೆಣಕುವುದಿಲ್ಲ, ಮಕ್ಕಳು ಕೆಣಕುತ್ತಾರೆ.

ಇದನ್ನು ಯಾರಿಗಾದರೂ ಹೇಳಬೇಕಾ? ಬೂದಿ ಬುಧವಾರ ಓದುವ ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯ ಗುಟ್ಟಾಗಿ ಮಾಡಿ ಎನ್ನುತ್ತದೆ. ಉಪವಾಸ ಇದ್ದಾಗ ಮುಖ ತೊಳೆದುಕೊಳ್ಳಿ, ಜೋಲುಮುಖ ಹಾಕಬೇಡಿ ಅಂತ. ಇನ್ನೊಂದು ಕಡೆ ಸಂತ ಬೆನೆಡಿಕ್ಟರು ಆರನೇ ಶತಮಾನದಲ್ಲಿ ತಮ್ಮ ಮಠಕ್ಕೆ ಬರೆದ ನಿಯಮದಲ್ಲಿ, ತಪಸ್ಸುಕಾಲಕ್ಕೆ ಯಾರು ಏನು ಹಿಡಿದರೂ ಮೊದಲು ಮಠದ ಹಿರಿಯರಿಗೆ ತಿಳಿಸಿ ಒಪ್ಪಿಗೆ ಪಡೆಯಲಿ ಎಂದಿದ್ದಾರೆ. ಕೇಳದೆ ಮಾಡಿದ್ದು ಪುಣ್ಯಕ್ಕೆ ಅಲ್ಲ, ಜಂಬಕ್ಕೆ ಸೇರುತ್ತದಂತೆ. ಎರಡನ್ನೂ ಒಟ್ಟಿಗೆ ಪಾಲಿಸಬಹುದು. ಸ್ಟೇಟಸ್ ಹಾಕಬೇಡಿ, ಒಬ್ಬರಿಗೆ ಮಾತ್ರ ಹೇಳಿ. ಪಾಪ ನಿವೇದನೆಗೆ ಹೋದಾಗ ಗುರುಗಳಿಗೆ, ಇಲ್ಲವೇ ಯಜಮಾನರಿಗೆ. ಇದು ನಿನಗೆ ಆಗಲ್ಲ, ಕಡಿಮೆ ಮಾಡ್ಕೋ ಅನ್ನುವ ಧೈರ್ಯ ಇರುವವರಾದರೆ ಒಳ್ಳೆಯದು.

ಓದುವ ವಿಷಯಕ್ಕೂ ಬೆನೆಡಿಕ್ಟರ ಮಠದ ಪದ್ಧತಿಯೇ ಸರಿ. ತಪಸ್ಸುಕಾಲದ ಶುರುವಿಗೆ ತಲಾ ಒಂದು ಪುಸ್ತಕ, ಮೊದಲಿಂದ ಕೊನೆಯವರೆಗೆ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ ಇವೆ. 40 ದಿನದಲ್ಲಿ ಮುಗಿಸಬೇಕಾದರೆ ದಿನಕ್ಕೆ ಆರೂವರೆ. ಮನೆ, ಮಕ್ಕಳು, ತೋಟ ನೋಡಿಕೊಳ್ಳುವವರಿಗೆ ಇದು ಓದಲ್ಲ, ಓಟ. ಮಾರ್ಕನ ಶುಭಸಂದೇಶ ಬರೀ 16 ಅಧ್ಯಾಯ. ಅದನ್ನೇ ನಿಧಾನಕ್ಕೆ ಓದಿ. ಓದಲು ಆಗಲಿಲ್ಲವೆಂದರೂ ಬೇಸರ ಬೇಡ, ಮೇಲೆ ಹೇಳಿದ ಒಂದು ನಡೆದರೆ ಸಾಕು. ಜಪಸರ ನಿಮಗೆ ಮೊದಲಿಂದಲೂ ರೂಢಿ ಇದ್ದರೆ ಹಾಗೇ ನಡೆಯಲಿ.

ಶುಕ್ರವಾರದ ಶಿಲುಬೆ ಹಾದಿಯನ್ನು ಮಾತ್ರ ಬಿಡಬೇಡಿ. ಅದು ನಿಮ್ಮೊಬ್ಬರ ಹಟದ ಮೇಲೆ ನಿಂತಿಲ್ಲ. ಉಳಿದವರೆಲ್ಲ ಬಂದಿರುತ್ತಾರೆ, ನೀವು ಹೋಗಿ ಸೇರಿಕೊಂಡರೆ ಆಯಿತು. ಮಕ್ಕಳನ್ನೂ ಕರೆದುಕೊಂಡು ಹೋಗಿ. ಯೇಸುವಿನ ಪಾಡುಗಳನ್ನು ನೆನೆಯುವ 14 ಸ್ಥಳಗಳಲ್ಲೂ ಮಂಡಿಯೂರಿ ಎದ್ದು ಬರುವುದರಿಂದ ಅವರಿಗೂ ಬೇಜಾರಾಗುವುದಿಲ್ಲ.

ಭಾನುವಾರದ ಲೆಕ್ಕ ಸುಲಭ. ಬೂದಿ ಬುಧವಾರದಿಂದ ಪಾಸ್ಖದ ಹಿಂದಿನ ಶನಿವಾರದವರೆಗೆ 46 ದಿನ. ಆರು ಭಾನುವಾರ ಕಳೆದರೆ 40. ಭಾನುವಾರ ಪ್ರಭುವಿನ ಪುನರುತ್ಥಾನದ ದಿನ, ಆವತ್ತು ಉಪವಾಸ ಇಲ್ಲ. ತಿಂಡಿ ತೀರ್ಥ ಬಿಟ್ಟವರು ಆವತ್ತು ತಗೊಳ್ಳಬಹುದು. ನೀವು ಹಿಡಿಯುವುದಕ್ಕೆ ಈ ರಜೆ ಹೊಂದುವುದಿಲ್ಲ ಅಂತ ನಿಮಗೇ ಗೊತ್ತು.

ಬುಧವಾರಕ್ಕೆ ಮುಂಚೆ ಮುಗಿಸಬೇಕಾದ ಎರಡು ಕೆಲಸ ಇವೆ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೇ ನಮ್ಮ ತಪಸ್ಸುಕಾಲ ಬರುತ್ತದೆ. ಉಪವಾಸದ ದಿನವೇ ಆಳುಗಳನ್ನು ಹಿಂಡಿ ದುಡಿಸುತ್ತೀರಲ್ಲ ಎಂದು ಬೈಬಲಿನ ಯೆಶಾಯನ ಗ್ರಂಥದ 58ನೇ ಅಧ್ಯಾಯದಲ್ಲಿ ದೇವರು ಬೈಯುತ್ತಾನೆ. ನಿಮ್ಮಲ್ಲಿ ಬಾಕಿ ಇದೆ ಅಂತ ನಾನು ಹೇಳುತ್ತಿಲ್ಲ. ಆದರೂ ಯಜಮಾನರ ಜೊತೆ ಕೂತು ಕೊಯ್ಲಿನವರ ಕೂಲಿ ಲೆಕ್ಕ ಒಮ್ಮೆ ನೋಡಿ. ಇದ್ದರೆ ಕೊಟ್ಟುಬಿಡಿ. ಇನ್ನೊಂದು, ಹೋದ ವರ್ಷ ಗರಿಗಳ ಭಾನುವಾರ ತಂದ ಗರಿ ದೇವರ ಪಟದ ಹಿಂದೆ ಒಣಗುತ್ತಿರಬಹುದು. ಅದನ್ನು ಚರ್ಚಿಗೆ ತಲುಪಿಸಿ, ಹಣೆಗೆ ಹಚ್ಚುವ ಬೂದಿಗೆ ಅದು ಬೇಕು.

– ಸಂ.